ಕಡಲೊಳಗಿನ ರೆಕ್ಕೆ, ಕಡಲ ಮೇಲಿನ ರೆಕ್ಕೆ

ತೊರಕೆ ಮೀನು ಮತ್ತು ರೀವ ಹಕ್ಕಿ: ಒಂದು ತುಲನೆ

ಸೃಷ್ಟಿಯಲ್ಲಿ ಕಾಣುವ ಸಾದೃಶ್ಯವು ಕೆಲವೊಮ್ಮೆ ನಮ್ಮನ್ನು ಸತ್ಯದೆಡೆಗೆ ಕರೆದೊಯ್ಯುತ್ತದೆ. ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಬಾವಲಿ ಹಾರುತ್ತದೆ, ಆದರೆ ಹಕ್ಕಿಯಲ್ಲ. ತಿಮಿಂಗಿಲ ಈಜುತ್ತದೆ, ಆದರೆ ಮೀನಲ್ಲ. ಇಷ್ಟನ್ನು ಐದನೆಯ ಇಯತ್ತೆಯ ಮಕ್ಕಳೂ ಬಲ್ಲರು. ಆದರೆ ನೀರಿನೊಳಗೆ ರೆಕ್ಕೆ ಬಡಿದು ಸಾಗುವ ಒಂದು ಮೀನನ್ನೂ, ಅದೇ ನೀರಿನ ಮೇಲೆ ರೆಕ್ಕೆ ಬಡಿದು ಸಾಗುವ ಒಂದು ಹಕ್ಕಿಯನ್ನೂ ಪಕ್ಕಪಕ್ಕದಲ್ಲಿರಿಸಿ ನೋಡಿದರೆ, ನಮ್ಮ ಪಠ್ಯಪುಸ್ತಕದ ಅನೇಕ ಪಾಠಗಳು ಒಂದೇ ಚಿತ್ರದಲ್ಲಿ ಸ್ಪಷ್ಟವಾಗುತ್ತವೆ. ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಅಂತಹ ಒಂದು ತುಲನೆಯನ್ನು ವಿದ್ಯಾರ್ಥಿಗಳಿಗಾಗಿಯೂ, ಅವರ ಪಾಲಕರಿಗಾಗಿಯೂ ಬರೆಯುತ್ತಿದ್ದೇನೆ.

ಗಡಹಿಂಗ್ಲಜದವರಿಗೆ ಕಡಲಿನ ವಿಷಯವೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಊರಿನ ಹಿರಣ್ಯಕೇಶಿ ಹುಟ್ಟುವುದು ಆಂಬೋಲಿಯಲ್ಲಿ. ಆ ಸ್ಥಳದಿಂದ ಅರಬ್ಬೀ ಸಮುದ್ರವು ನೇರವಾಗಿ ಅಳೆದರೆ ಐವತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿದೆ. ಆದರೂ ನದಿಯು ಕಡಲಿಗೆ ಬೆನ್ನು ತಿರುಗಿಸಿ ಮೂಡಲಿಗೆ ಹರಿದು, ಆಜರಾ, ಗಡಹಿಂಗ್ಲಜ, ಸಂಕೇಶ್ವರಗಳನ್ನು ದಾಟಿ, ಘಟಪ್ರಭೆಯನ್ನು ಸೇರಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯನ್ನು ತಲುಪುತ್ತದೆ. ನಾವೂ ನದಿಯಂತೆಯೇ ಕಡಲಿನ ನೆರೆಯಲ್ಲಿದ್ದು ಅದಕ್ಕೆ ಬೆನ್ನು ಮಾಡಿ ಬಾಳುವವರು. ಆಂಬೋಲಿ ಘಟ್ಟವನ್ನಿಳಿದು ಸಾವಂತವಾಡಿಯ ಮಾರ್ಗವಾಗಿ ಹೋದರೆ ವೆಂಗುರ್ಲಾ ಬಂದರು ಸುಮಾರು ನೂರು ಕಿಲೋಮೀಟರುಗಳ ಹಾದಿ. ನಾವು ಇಲ್ಲಿ ನೋಡಲಿರುವ ಎರಡೂ ಜೀವಿಗಳು ಆ ಕಡಲಿನ ನಿವಾಸಿಗಳು.

ಹೆಸರು ಮತ್ತು ಪರಿಚಯ

ಮೊದಲನೆಯದು ತೊರಕೆ. ಕರ್ನಾಟಕದ ಕರಾವಳಿಯಲ್ಲಿ ಅಗಲವಾಗಿ, ಚಪ್ಪಟೆಯಾಗಿ, ಚಾಟಿಯಂತಹ ಬಾಲವುಳ್ಳ ಮೀನುಗಳಿಗೆ ಈ ಹೆಸರಿದೆ. ಕೊಂಕಣದ ಮರಾಠಿಯಲ್ಲಿ ಇವುಗಳನ್ನು ಪಾಕಟ್ ಎನ್ನುತ್ತಾರೆ. ತೊರಕೆಗಳಲ್ಲಿ ಹಲವು ಜಾತಿಗಳಿವೆ. ನಮ್ಮ ತುಲನೆಗೆ ಆಯ್ದುಕೊಂಡಿರುವುದು ಹದ್ದು-ತೊರಕೆ. ಇಂಗ್ಲಿಷಿನಲ್ಲಿ ಇದನ್ನು ಸ್ಪಾಟೆಡ್ ಈಗಲ್ ರೇ ಎನ್ನುತ್ತಾರೆ. ಇದರ ಬೆನ್ನು ಕಪ್ಪುಮಿಶ್ರಿತ ಕಂದು. ಅದರ ಮೇಲೆ ಅಕ್ಕಿಯ ಹಿಟ್ಟಿನಲ್ಲಿ ಚುಕ್ಕಿಯಿಟ್ಟಂತೆ ಬಿಳಿಯ ಬೊಟ್ಟುಗಳು. ಹೊಟ್ಟೆ ಬಿಳುಪು. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಎರಡು ಮೀಟರಿಗೂ ಹೆಚ್ಚು ಬೆಳೆಯಬಲ್ಲದು. ದೊಡ್ಡವು ನೂರು ಕಿಲೋಗ್ರಾಂ ತೂಕವನ್ನೂ ಮೀರುತ್ತವೆ. ಉದ್ದವಾದ ಬಾಲದ ಬುಡದಲ್ಲಿ ವಿಷದ ಮುಳ್ಳುಗಳಿವೆ. ವಿಜ್ಞಾನಿಗಳು ಮೊದಲು ಜಗತ್ತಿನ ಚುಕ್ಕೆಯ ಹದ್ದು-ತೊರಕೆಗಳೆಲ್ಲವನ್ನೂ ಒಂದೇ ಜಾತಿಯೆಂದು ಎಣಿಸಿದ್ದರು. 2010ರಲ್ಲಿ ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಪೆಸಿಫಿಕ್ ಭಾಗದವುಗಳನ್ನು ಅಟ್ಲಾಂಟಿಕದವುಗಳಿಂದ ಬೇರ್ಪಡಿಸಿ, ಏಟೊಬೇಟಸ್ ಒಸೆಲ್ಲೇಟಸ್ ಎಂಬ ಹಳೆಯ ಹೆಸರನ್ನು ಮತ್ತೆ ಬಳಕೆಗೆ ತಂದರು. ಏಟೊಬೇಟಸ್ ಎಂಬುದು ಗ್ರೀಕ್ ಮೂಲದ ಪದ. ಹದ್ದು ಮತ್ತು ತೊರಕೆ ಎಂಬ ಎರಡು ಶಬ್ದಗಳ ಜೋಡಣೆ.

ಎರಡನೆಯದು ರೀವ. ಕವಲೊಡೆದ ಬಾಲ, ಚೂಪಾದ ಕೊಕ್ಕು, ನೀಳವಾದ ರೆಕ್ಕೆಗಳಿರುವ ಈ ಕುಲದ ಹಕ್ಕಿಗಳನ್ನು ನಮ್ಮವರು ಜಲಾಶಯಗಳ ಮೇಲೆ ನೋಡಿರಬಹುದು. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಪ್ರತಿ ಬೇಸಗೆಯಲ್ಲಿ ನೆರೆಯುವ ಹೊಳೆ ರೀವಗಳು ಪ್ರಸಿದ್ಧ. ಮರಾಠಿಯಲ್ಲಿ ಇದಕ್ಕೆ ಸುರಯ ಎಂಬ ಹೆಸರು. ಆದರೆ ನಾವು ಹೇಳುತ್ತಿರುವುದು ಹೊಳೆಯ ರೀವವಲ್ಲ. ಮರಿ ಮಾಡುವ ಕಾಲದ ಹೊರತು ದಡಕ್ಕೇ ಬಾರದ, ತೆರೆದ ಕಡಲಿನಲ್ಲಿಯೇ ಅಲೆಯುವ ರೀವ. ಕಣ್ಣಿನ ಮೂಲಕ ಹಾಯುವ ಕರಿಯ ಪಟ್ಟಿ ಕುದುರೆಯ ಕಡಿವಾಣದಂತೆ ಕಾಣುವುದರಿಂದ ಇಂಗ್ಲಿಷಿನಲ್ಲಿ ಬ್ರೈಡಲ್ಡ್ ಟರ್ನ್ ಎಂದು ಕರೆಯುತ್ತಾರೆ. ನಾವು ಇದನ್ನು ಕಡಿವಾಣ ರೀವ ಎನ್ನೋಣ. ಬೆನ್ನು ಬೂದುಗಂದು, ಹೊಟ್ಟೆ ಬಿಳುಪು, ಹುಬ್ಬು ಬಿಳುಪು. ಉದ್ದ ಸುಮಾರು 30 ಸೆಂಟಿಮೀಟರ್. ರೆಕ್ಕೆ ಬಿಚ್ಚಿದರೆ ಅಗಲ 75 ಸೆಂಟಿಮೀಟರಿಗೂ ಹೆಚ್ಚು. ತೂಕವಾದರೋ 100ರಿಂದ 150 ಗ್ರಾಂ ಮಾತ್ರ. ಇದರ ಶಾಸ್ತ್ರೀಯ ನಾಮದಲ್ಲಿರುವ ಅನೀಥೆಟಸ್ ಎಂಬ ಪದಕ್ಕೆ ಬುದ್ಧಿಯಿಲ್ಲದ್ದು ಎಂಬ ಅರ್ಥವಿದೆ. ನಾವಿಕರು ಕೈಚಾಚಿ ಹಿಡಿದರೂ ಹಾರಿಹೋಗದೆ ಕುಳಿತಿರುತ್ತಿದ್ದುದೇ ಈ ಅಪಕೀರ್ತಿಗೆ ಕಾರಣ. ಮನುಷ್ಯನನ್ನು ಎಂದೂ ಕಾಣದ ಜೀವಿಯು ಮನುಷ್ಯನಿಗೆ ಅಂಜದಿದ್ದರೆ ಅದು ಬುದ್ಧಿಯಿಲ್ಲದ ಲಕ್ಷಣವೇ ಎಂಬುದನ್ನು ವಾಚಕರೇ ವಿಚಾರಿಸಬೇಕು.

ಎರಡೂ ಜೀವಿಗಳ ಬಣ್ಣದಲ್ಲಿ ಒಂದು ಸಾಮ್ಯವಿದೆ: ಬೆನ್ನು ಗಾಢ, ಹೊಟ್ಟೆ ಬಿಳುಪು. ಮೇಲಿನಿಂದ ನೋಡುವವರಿಗೆ ಬೆನ್ನು ಕೆಳಗಿನ ಕತ್ತಲೆಯಲ್ಲಿ ಬೆರೆಯುತ್ತದೆ. ಕೆಳಗಿನಿಂದ ನೋಡುವವರಿಗೆ ಹೊಟ್ಟೆ ಮೇಲಿನ ಬೆಳಕಿನಲ್ಲಿ ಬೆರೆಯುತ್ತದೆ. ಬಂಗಡೆಯಿಂದ ಮೊದಲುಗೊಂಡು ಕಡಲಿನ ಅನೇಕ ಜೀವಿಗಳು ಧರಿಸಿರುವ ಉಡುಪು ಇದೇ.

ರೆಕ್ಕೆ ಎಂದರೇನು?

ತೊರಕೆಗಳಲ್ಲಿ ಹಲವು ತಮ್ಮ ದೇಹದ ಅಂಚನ್ನು ಸೀರೆಯ ನಿರಿಗೆಯಂತೆ ಅಲೆಯಾಡಿಸಿ ಚಲಿಸುತ್ತವೆ. ಹದ್ದು-ತೊರಕೆಯ ರೀತಿ ಬೇರೆ. ಅದು ಎರಡೂ ರೆಕ್ಕೆಗಳನ್ನು ಪೂರ್ಣವಾಗಿ ಮೇಲೆತ್ತಿ ಕೆಳಗೆ ಬಡಿಯುತ್ತದೆ. ನೋಡುವವರಿಗೆ ದೊಡ್ಡ ಹಕ್ಕಿಯೊಂದು ನಿಧಾನವಾಗಿ ಹಾರಿದಂತೆ ತೋರುತ್ತದೆ. ಕೆಲವೊಮ್ಮೆ ನೀರನ್ನು ಬಿಟ್ಟು ಮೇಲಕ್ಕೆ ನೆಗೆದು, ಕ್ಷಣಕಾಲ ಗಾಳಿಯಲ್ಲಿದ್ದು, ಮತ್ತೆ ಬೀಳುವುದೂ ಉಂಟು.

ಈ ರೆಕ್ಕೆ ವಾಸ್ತವವಾಗಿ ಮೀನಿನ ಎದೆಯ ಈಜುರೆಕ್ಕೆ. ಬಂಗಡೆಯಲ್ಲಿ ಕಿವಿರಿನ ಹಿಂದೆ ಸಣ್ಣ ಬೀಸಣಿಗೆಯಂತಿರುವ ಭಾಗವೇ ತೊರಕೆಯಲ್ಲಿ ತಲೆಯ ಬದಿಯಿಂದ ಬಾಲದ ಬುಡದವರೆಗೆ ಹರಡಿ, ದೇಹದೊಡನೆ ಒಂದಾಗಿ ಬೆಳೆದಿದೆ. ಅದರೊಳಗೆ ಎಲುಬಿಲ್ಲ. ನಮ್ಮ ಕಿವಿಯ ಆಕಾರವನ್ನು ಹಿಡಿದಿಟ್ಟಿರುವ ಮೃದ್ವಸ್ಥಿಯಂತಹದೇ ವಸ್ತುವಿನ ನೂರಾರು ಕಡ್ಡಿಗಳು ಕೊಡೆಯ ಕಡ್ಡಿಗಳಂತೆ ಸಾಲಾಗಿ ನಿಂತಿವೆ. ರೀವದ ರೆಕ್ಕೆಯ ರಚನೆ ಬೇರೆ. ಅದರಲ್ಲಿ ನಮ್ಮ ತೋಳಿನಲ್ಲಿರುವಂತೆ ಒಂದು ಮೇಲ್ದೋಳೆಲುಬು, ಎರಡು ಮುಂಗೈ ಎಲುಬುಗಳು, ಕೂಡಿಕೊಂಡ ಕೆಲವೇ ಬೆರಳೆಲುಬುಗಳು ಇವೆ. ರೆಕ್ಕೆಯ ಹರವನ್ನು ಉಂಟುಮಾಡುವುದು ಎಲುಬಲ್ಲ, ಗರಿಗಳು.

ಇಲ್ಲಿ ಜೀವಶಾಸ್ತ್ರದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಚಿಟ್ಟೆಯ ರೆಕ್ಕೆ ಮತ್ತು ಹಕ್ಕಿಯ ರೆಕ್ಕೆ ಕಾರ್ಯಾನುರೂಪಿ ಅಂಗಗಳು. ಮಾಡುವ ಕೆಲಸ ಒಂದೇ, ಮೂಲ ಬೇರೆ. ಮನುಷ್ಯನ ತೋಳು ಮತ್ತು ಹಕ್ಕಿಯ ರೆಕ್ಕೆ ರಚನಾನುರೂಪಿ ಅಂಗಗಳು. ಮೂಲ ಒಂದೇ, ಮಾಡುವ ಕೆಲಸ ಬೇರೆ. ತೊರಕೆ ಮತ್ತು ರೀವಗಳ ರೆಕ್ಕೆಗಳು ಇವೆರಡರಲ್ಲಿ ಯಾವುದಕ್ಕೆ ಸೇರುತ್ತವೆ? ಹಕ್ಕಿಯ ಮುಂಗಾಲೂ ಮೀನಿನ ಎದೆಯ ಈಜುರೆಕ್ಕೆಯೂ ಬಹು ಪುರಾತನವಾದ ಒಂದೇ ಅಂಗದಿಂದ ಬಂದವು. ಆದರೆ ಆ ಅಂಗವು ರೆಕ್ಕೆಯಾಗಿ ಮಾರ್ಪಟ್ಟದ್ದು ಎರಡು ವಂಶಗಳಲ್ಲಿ ಪ್ರತ್ಯೇಕವಾಗಿ. ಆದ್ದರಿಂದ ಅಂಗವೆಂದು ನೋಡಿದರೆ ದೂರದ ರಕ್ತಸಂಬಂಧವುಂಟು. ರೆಕ್ಕೆಯೆಂದು ನೋಡಿದರೆ ಕೆಲಸದ ಹೋಲಿಕೆ ಮಾತ್ರ. ಜರ್ಮನಿಯ ಸೋಲ್ನ್‌ಹೋಫೆನ್ ಎಂಬಲ್ಲಿಯ ಸುಣ್ಣದ ಕಲ್ಲಿನ ಗಣಿಗಳಲ್ಲಿ ಸುಮಾರು 15 ಕೋಟಿ ವರ್ಷಗಳ ಹಿಂದಿನ ಆದಿಪಕ್ಷಿ ಆರ್ಕಿಯೋಪ್ಟೆರಿಕ್ಸ್‌ನ ಅವಶೇಷಗಳು ದೊರೆತಿವೆ. 1861ರಲ್ಲಿ ಅದಕ್ಕೆ ನಾಮಕರಣವಾಯಿತು. ಅದೇ ಪ್ರದೇಶದ ಅದೇ ಕಲ್ಲಿನ ಪದರುಗಳಲ್ಲಿ ತೊರಕೆ ವಂಶದ ಮೀನುಗಳ ಅಚ್ಚುಗಳೂ ದೊರೆತಿವೆ. ಅಷ್ಟು ಹಿಂದೆಯೇ ಈ ಎರಡು ವಂಶಗಳು ತಮ್ಮ ತಮ್ಮ ಹಾದಿಯಲ್ಲಿ ಬಹುದೂರ ಸಾಗಿದ್ದವು.

ಗಾಳಿಯ ಲೆಕ್ಕ, ನೀರಿನ ಲೆಕ್ಕ

ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ. ಅಷ್ಟೇ ಗಾತ್ರದ ಕಡಲ ನೀರಿನ ತೂಕ ಸುಮಾರು 1025 ಕಿಲೋಗ್ರಾಂ. ಈ ಎಂಟುನೂರು ಪಟ್ಟಿಗೂ ಮಿಕ್ಕ ಅಂತರವೇ ಎರಡು ದೇಹಗಳ ಭೇದಕ್ಕೆ ಮುಖ್ಯ ಕಾರಣ. ಗಾಳಿಯು ಯಾರನ್ನೂ ಹೊತ್ತುಕೊಳ್ಳುವುದಿಲ್ಲ; ಅದರ ಮೇಲೆ ನಿಲ್ಲಬೇಕಾದರೆ ಹಕ್ಕಿ ಹಗುರವಾಗಿರಲೇಬೇಕು. ಆದುದರಿಂದ ರೀವಕ್ಕೆ ತೆಳುವಾದ, ಪೊಳ್ಳು ಎಲುಬುಗಳು. ಹಲ್ಲುಗಳ ಭಾರವಿಲ್ಲದ ಕೊಕ್ಕು. ನೀರಾದರೋ ದೇಹದ ಭಾರದ ಬಹುಭಾಗವನ್ನು ತಾನೇ ಹೊರುತ್ತದೆ. ಆದ್ದರಿಂದ ತೊರಕೆಯು ಕ್ವಿಂಟಲ್ ತೂಕವಿದ್ದರೂ ತೇಲಿದಂತೆ ಸಾಗಬಲ್ಲದು. ಬಂಗಡೆಯಂತಹ ಮೀನುಗಳ ಪೈಕಿ ಬಹಳಷ್ಟಕ್ಕೆ ಹೊಟ್ಟೆಯೊಳಗೆ ಗಾಳಿಯ ಚೀಲವಿರುತ್ತದೆ, ತೊರಕೆಗಿಲ್ಲ. ಎಣ್ಣೆ ತುಂಬಿದ ದೊಡ್ಡ ಯಕೃತ್ತು ಅದರ ಭಾರವನ್ನು ಸ್ವಲ್ಪ ತಗ್ಗಿಸುತ್ತದೆ; ಉಳಿದದ್ದನ್ನು ರೆಕ್ಕೆಗಳು ನೋಡಿಕೊಳ್ಳುತ್ತವೆ.

ಉಸಿರಾಟದಲ್ಲಿಯೂ ಇದೇ ಭೇದ. ರೀವಕ್ಕೆ ಶ್ವಾಸಕೋಶಗಳೂ ಅವುಗಳಿಗೆ ಹೊಂದಿದ ಗಾಳಿಯ ಚೀಲಗಳೂ ಇವೆ. ತೊರಕೆಗೆ ಹೊಟ್ಟೆಯ ಬದಿಯಲ್ಲಿ ಐದು ಜೊತೆ ಕಿವಿರು ಸೀಳುಗಳಿವೆ. ರೀವದ ರಕ್ತ ಬಿಸಿ; ಹೊರಗೆ ಮಳೆಯಿರಲಿ ಬಿಸಿಲಿರಲಿ, ಅದರ ದೇಹದ ಶಾಖ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ತೊರಕೆಯ ಶಾಖ ಸುತ್ತಲಿನ ನೀರಿನಷ್ಟೇ. ಬಿಸಿರಕ್ತದ ಒಲೆಯನ್ನು ಉರಿಸಲು ಹಕ್ಕಿಯು ದಿನವೂ ದುಡಿಯಬೇಕು. ತೊರಕೆಗೆ ಅಷ್ಟು ಅವಸರವಿಲ್ಲ.

ಅನ್ನದ ಹಾದಿ

ರೀವವು ಕಣ್ಣಿನಿಂದ ಬದುಕುವ ಜೀವಿ. ನೀರಿನ ಮೇಲೆ ತಗ್ಗಾಗಿ ಹಾರುತ್ತ, ದೊಡ್ಡ ಮೀನುಗಳು ಅಟ್ಟಿಸಿದ್ದರಿಂದ ಮೇಲಕ್ಕೆ ಬಂದ ಸಣ್ಣ ಮೀನುಗಳನ್ನೂ, ತೇಲುವ ಕೀಟಾದಿಗಳನ್ನೂ ಕೊಕ್ಕಿನಿಂದ ಎತ್ತಿಕೊಳ್ಳುತ್ತದೆ. ನೀರಿನೊಳಗೆ ಪೂರ್ಣ ಮುಳುಗುವುದು ಅಪರೂಪ. ದಣಿದಾಗ ತೇಲುವ ಮರದ ತುಂಡಿನ ಮೇಲೆ, ಕೆಲವೊಮ್ಮೆ ಕಡಲಾಮೆಯ ಬೆನ್ನಿನ ಮೇಲೆಯೂ ಕುಳಿತು ವಿಶ್ರಮಿಸುತ್ತದೆ.

ತೊರಕೆಯ ಊಟ ತಳದಲ್ಲಿ. ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆಯಾದ ಮೂತಿಯಿಂದ ಮರಳನ್ನು ಕೆದಕಿ, ಹುದುಗಿರುವ ಚಿಪ್ಪಿನ ಜೀವಿಗಳನ್ನೂ ಏಡಿ, ಸೀಗಡಿಗಳನ್ನೂ ಹೊರತೆಗೆಯುತ್ತದೆ. ಅದರ ಹಲ್ಲುಗಳು ಬೀಸುವ ಕಲ್ಲಿನಂತೆ ಒಂದೇ ಸಾಲಿನ ಚಪ್ಪಟೆ ಫಲಕಗಳು. ಚಿಪ್ಪನ್ನು ಪುಡಿಮಾಡಿ, ಒಳಗಿನ ಮಾಂಸವನ್ನು ನುಂಗಿ, ಚೂರುಗಳನ್ನು ಉಗುಳಿಬಿಡುತ್ತದೆ. ಮರಳಿನಡಿಯ ಆಹಾರವನ್ನು ಕಣ್ಣು ಕಾಣಲಾರದು. ಅದಕ್ಕಾಗಿ ತೊರಕೆಗೂ ಅದರ ಬಂಧುವಾದ ಶಾರ್ಕ್ ಮೀನಿಗೂ ಮೂತಿಯ ಚರ್ಮದಲ್ಲಿ ಲೋಳೆ ತುಂಬಿದ ಸೂಕ್ಷ್ಮ ರಂಧ್ರಗಳಿವೆ. ಇಟಲಿಯ ಲೊರೆಂಝಿನಿ ಎಂಬಾತನು 1678ರಲ್ಲಿ ಇವುಗಳನ್ನು ವರ್ಣಿಸಿದನು. ಜೀವವಿರುವ ಪ್ರಾಣಿಯ ದೇಹದಿಂದ ಹೊರಡುವ ಅತ್ಯಲ್ಪ ವಿದ್ಯುತ್ತನ್ನು ಅವು ಗ್ರಹಿಸುತ್ತವೆ ಎಂಬುದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಉಪ್ಪಿನ ಸಮಸ್ಯೆಗೆ ಎರಡು ಪರಿಹಾರ

ಉಪ್ಪುನೀರಿನಲ್ಲಿ ಬಾಳುವವರಿಗೆಲ್ಲ ಒಂದು ಸಂಕಟವಿದೆ: ದೇಹದ ನೀರನ್ನು ಉಪ್ಪು ಹೀರಿಕೊಳ್ಳುತ್ತದೆ. ಉಪ್ಪಿನಕಾಯಿ ಹಾಕುವಾಗ ಮಾವಿನ ಹೋಳು ನೀರು ಬಿಡುವುದನ್ನು ನಮ್ಮ ತಾಯಂದಿರು ಪ್ರತಿ ವರ್ಷ ಕಾಣುತ್ತಾರೆ, ತತ್ವ ಅದೇ. ರೀವವು ಇದನ್ನು ಗ್ರಂಥಿಯಿಂದ ಪರಿಹರಿಸಿಕೊಂಡಿದೆ. ಕಣ್ಣುಗಳ ಮೇಲ್ಗಡೆ ಇರುವ ಎರಡು ಗ್ರಂಥಿಗಳು ರಕ್ತದ ಹೆಚ್ಚುವರಿ ಉಪ್ಪನ್ನು ಸೋಸಿ ಮೂಗಿನ ಮೂಲಕ ಹೊರಹಾಕುತ್ತವೆ. ಹೀಗಾಗಿ ಅದು ಸಿಹಿನೀರಿಲ್ಲದೆಯೂ ಬದುಕಬಲ್ಲದು.

ತೊರಕೆಯ ಉಪಾಯ ಬೇರೆ. ನಾವು ಮೂತ್ರದಲ್ಲಿ ಹೊರಗೆ ಕಳುಹಿಸುವ ಯೂರಿಯಾವನ್ನು ಅದು ರಕ್ತದಲ್ಲಿಯೇ ಉಳಿಸಿಕೊಳ್ಳುತ್ತದೆ. ಇದರಿಂದ ದೇಹದ ದ್ರವವು ಕಡಲ ನೀರಿನಷ್ಟೇ ಸಾಂದ್ರವಾಗಿ, ನೀರು ಹೊರಗೆ ಹರಿದುಹೋಗುವುದು ತಪ್ಪುತ್ತದೆ. ಹೊಲಕ್ಕೆ ಯೂರಿಯಾ ಹಾಕುವ ರೈತರ ಮಕ್ಕಳು ಈ ಮಾತನ್ನು ನೆನಪಿನಲ್ಲಿಡಲಿ. ಹಳತಾದ ತೊರಕೆಯ ಮಾಂಸಕ್ಕೆ ಬರುವ ಘಾಟು ವಾಸನೆಗೆ ಈ ಯೂರಿಯಾ ಒಡೆದು ಅಮೋನಿಯಾ ಆಗುವುದೇ ಕಾರಣ.

ಸಂತಾನದ ಲೆಕ್ಕ

ಇಲ್ಲಿಯವರೆಗೆ ಭೇದಗಳೇ ಹೆಚ್ಚಾಗಿ ಕಂಡವು. ಇನ್ನು ಹೇಳಲಿರುವುದು ರೆಕ್ಕೆಗಿಂತಲೂ ಮಹತ್ವದ ಸಾಮ್ಯ.

ಮೀನೆಂದರೆ ಅಸಂಖ್ಯ ಮೊಟ್ಟೆ ಎಂದು ನಾವು ಭಾವಿಸುತ್ತೇವೆ. ಬಂಗಡೆ, ತಾರಲಿಗಳ ವಿಷಯದಲ್ಲಿ ಇದು ನಿಜ. ಒಂದೊಂದು ಹೆಣ್ಣು ಹತ್ತಾರು ಸಾವಿರ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಅವುಗಳಲ್ಲಿ ಬಹುಪಾಲು ನಾಶವಾದರೂ ವಂಶ ನಿಲ್ಲುವುದಿಲ್ಲ. ಹದ್ದು-ತೊರಕೆ ಹಾಗಲ್ಲ. ಅದರ ಮೊಟ್ಟೆಗಳು ತಾಯಿಯ ಹೊಟ್ಟೆಯಲ್ಲಿಯೇ ಒಡೆಯುತ್ತವೆ. ಮರಿಗಳು ಮೊದಲು ಮೊಟ್ಟೆಯ ಹಳದಿಯಿಂದಲೂ, ಅನಂತರ ಗರ್ಭಾಶಯದ ಗೋಡೆ ಸ್ರವಿಸುವ ಹಾಲಿನಂತಹ ದ್ರವದಿಂದಲೂ ಪೋಷಣೆ ಪಡೆಯುತ್ತವೆ. ಈ ಗರ್ಭಾವಸ್ಥೆ ಸುಮಾರು ಒಂದು ವರ್ಷದಷ್ಟು ದೀರ್ಘ. ಹುಟ್ಟುವ ಮರಿಗಳು ಸಾಮಾನ್ಯವಾಗಿ ಬೆರಳೆಣಿಕೆಯಷ್ಟು. ರೆಕ್ಕೆ ಮಡಿಸಿಕೊಂಡು ಹೊರಬರುವ ಮರಿಯು ರೆಕ್ಕೆ ಬಿಚ್ಚಿ, ಆ ಕ್ಷಣದಿಂದಲೇ ಸ್ವತಂತ್ರವಾಗಿ ಈಜುತ್ತದೆ. ಅದು ತಾನೇ ತಾಯಿಯಾಗಲು ಇನ್ನೂ ಹಲವು ವರ್ಷಗಳು ಬೇಕು.

ರೀವವು ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ. ಗೂಡು ಎನ್ನುವಂತಹ ಗೂಡೂ ಇಲ್ಲ; ಬಂಡೆಯ ಸಂದಿಯಲ್ಲಿ ಅಥವಾ ಚಾಚುಗಲ್ಲಿನ ನೆರಳಿನಲ್ಲಿ ಮೊಟ್ಟೆಯಿಟ್ಟು, ಗಂಡು ಹೆಣ್ಣುಗಳೆರಡೂ ಸರದಿಯಂತೆ ಸುಮಾರು ನಾಲ್ಕು ವಾರ ಕಾವು ಕೊಡುತ್ತವೆ. ಮರಿ ಹಾರಲು ಮತ್ತೆ ಸುಮಾರು ಎರಡು ತಿಂಗಳು. ಅಷ್ಟು ಕಾಲವೂ ತಂದೆತಾಯಿಗಳು ಕಡಲಿನಿಂದ ಆಹಾರ ತಂದು ಉಣಿಸಬೇಕು. ತೊರಕೆ ಹುಟ್ಟುವ ಮುನ್ನ ಆರೈಕೆ ಮಾಡುತ್ತದೆ; ರೀವ ಹುಟ್ಟಿದ ಮೇಲೆ ಮಾಡುತ್ತದೆ. ಕ್ರಮ ಬೇರೆಯಾದರೂ ನೀತಿ ಒಂದೇ: ಕೆಲವೇ ಮಕ್ಕಳು, ದೀರ್ಘವಾದ ಆರೈಕೆ, ದೀರ್ಘವಾದ ಆಯುಷ್ಯ. ಇಂತಹ ಜೀವಿಗಳಲ್ಲಿ ಪ್ರಾಯಕ್ಕೆ ಬಂದ ಒಂದು ಹೆಣ್ಣು ಸತ್ತರೆ ಆಗುವ ನಷ್ಟವನ್ನು ಬಂಗಡೆಯ ಲೆಕ್ಕದಲ್ಲಿ ಅಳೆಯಲಾಗದು.

ಒಂದಕ್ಕೆ ದ್ವೀಪವಿದೆ, ಇನ್ನೊಂದಕ್ಕಿಲ್ಲ

ವೆಂಗುರ್ಲಾ ದಡದಿಂದಾಚೆ ಕಡಲಿನಲ್ಲಿ ವೆಂಗುರ್ಲಾ ರಾಕ್ಸ್ ಎಂಬ ಬೋಳು ಬಂಡೆಗಳ ದ್ವೀಪಗುಚ್ಛವಿದೆ. ಅಲ್ಲಿ ಒಂದು ದೀಪಸ್ತಂಭವೂ ಉಂಟು. ಮುಂದೆ 1885ರಲ್ಲಿ ಕಾಂಗ್ರೆಸ್ ಸಂಸ್ಥೆಯ ಸ್ಥಾಪನೆಗೆ ಕಾರಣನಾದ ಎ.ಓ. ಹ್ಯೂಮ್ ಮಹಾಶಯನು ಪಕ್ಷಿಶಾಸ್ತ್ರಜ್ಞನೂ ಆಗಿದ್ದನು. 1875ರಲ್ಲಿ ಲಕ್ಷದ್ವೀಪಗಳ ಕಡೆಗೆ ಕೈಕೊಂಡ ಸಮುದ್ರಯಾನದಲ್ಲಿ ಈ ಬಂಡೆಗಳನ್ನೂ ಕಂಡು, ತಾನೇ ನಡೆಸುತ್ತಿದ್ದ ಸ್ಟ್ರೇ ಫೆದರ್ಸ್ ಎಂಬ ಪತ್ರಿಕೆಯಲ್ಲಿ ಪಶ್ಚಿಮ ಕರಾವಳಿಯ ಹಕ್ಕಿಗಳ ಬಗ್ಗೆ ಬರೆದನು. 1940ರ ಸುಮಾರಿನಲ್ಲಿ ಹುಮಾಯೂನ್ ಅಬ್ದುಲಾಲಿಯವರು ಇಲ್ಲಿಯ ರೀವಗಳ ಕುರಿತು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಲೇಖನವನ್ನು ಪ್ರಕಟಿಸಿದರು. ನಮ್ಮ ಕಡಿವಾಣ ರೀವವು ಮರಿಮಾಡುವ ತಾಣವೆಂದು ಈ ಬಂಡೆಗಳು ಬಹುಕಾಲದಿಂದ ಪ್ರಸಿದ್ಧವಾಗಿವೆ. ಮಳೆಗಾಲದಲ್ಲಿ ಕಡಲು ಭೋರ್ಗರೆದಾಗ ಯಾವ ದೋಣಿಯೂ ಅತ್ತ ಸುಳಿಯಲಾರದು. ಬೇಲಿಯಿಲ್ಲದ ಆ ಬಂಡೆಗೆ ಅಲೆಗಳೇ ಬೇಲಿ. ಇಂದಿಗೂ ಈ ಜಾತಿಯ ರೀವವು ಜಗತ್ತಿನಲ್ಲಿ ಅಳಿವಿನ ಭಯವಿಲ್ಲದ ಹಕ್ಕಿಗಳ ವರ್ಗದಲ್ಲಿದೆ.

ತೊರಕೆಗೆ ಅಂತಹ ಬಂಡೆಯಿಲ್ಲ. ಅದು ಮೇಯುವ ಮರಳಿನ ತಳವೇ ಟ್ರಾಲ್ ಬಲೆ ಎಳೆಯುವ ನೆಲ. ಮಹಾರಾಷ್ಟ್ರ ಮತ್ತು ಕರ್ನಾಟಕ ಎರಡರಲ್ಲಿಯೂ ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಇದು ಒಳ್ಳೆಯ ನಿಯಮ. ಬಂಗಡೆ, ತಾರಲಿಗಳಂತೆ ಹೇರಳವಾಗಿ ಮೊಟ್ಟೆಯಿಡುವ ಮೀನುಗಳಿಗೆ ಈ ಬಿಡುವು ಉಪಕಾರಿ. ಆದರೆ ಒಂದು ವರ್ಷ ಗರ್ಭ ಹೊರುವ ತಾಯಿಗೆ 61 ದಿನಗಳ ರಕ್ಷಣೆ ಸಾಲುವುದೇ? ಉಳಿದ ಹತ್ತು ತಿಂಗಳು ಅವಳು ಬಲೆಯ ದಾರಿಯಲ್ಲಿಯೇ ಇರುತ್ತಾಳೆ. ಹೀಗಾಗಿ ಹದ್ದು-ತೊರಕೆಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅಳಿವಿನ ಭೀತಿಯುಳ್ಳ ಜೀವಿಗಳ ಸಾಲಿನಲ್ಲಿರಿಸಿದೆ. ಒಂದೇ ಬಗೆಯ ಸಂತಾನನೀತಿಯುಳ್ಳ ಎರಡು ಜೀವಿಗಳ ಪೈಕಿ ಒಂದು ನಿಶ್ಚಿಂತವಾಗಿಯೂ ಇನ್ನೊಂದು ಸಂಕಟದಲ್ಲಿಯೂ ಇರುವುದಕ್ಕೆ ಕಾರಣ ಅವುಗಳ ದೇಹದಲ್ಲಿಲ್ಲ. ಮರಿಮಾಡುವಷ್ಟು ಕಾಲ ನಮ್ಮ ಕೈಗೆ ಸಿಗದಂತಹ ಸ್ಥಳ ಒಂದಕ್ಕೆ ಇದೆ, ಇನ್ನೊಂದಕ್ಕಿಲ್ಲ.

ಇದರಲ್ಲಿ ಮೀನುಗಾರನನ್ನು ದೂಷಿಸುವುದು ಸರಿಯಲ್ಲ. ಅವನು ಬಲೆ ಬೀಸುವುದು ಸೀಗಡಿಗೆ, ಬಂಗಡೆಗೆ. ತೊರಕೆ ಅವುಗಳೊಡನೆ ಬರುತ್ತದೆ. ಜೀವಂತವಾಗಿ ಬಂದ ಗರ್ಭಿಣಿ ತೊರಕೆಯನ್ನೂ ಮರಿಗಳನ್ನೂ ಮುಳ್ಳಿನಿಂದ ಎಚ್ಚರವಹಿಸಿ ಮರಳಿ ನೀರಿಗೆ ಬಿಡುವ ರೂಢಿ ಬೆಳೆಯಬೇಕು; ಕೊಳ್ಳುವವರಾದ ನಾವೂ ಅಂಗೈಯಗಲದ ಮರಿಗಳನ್ನು ಬೇಡವೆನ್ನುವುದನ್ನು ಕಲಿಯಬೇಕು. ಹಾಗೆಯೇ, ಮಳೆಗಾಲದ ಬಿರುಗಾಳಿಗೆ ಸಿಕ್ಕಿದ ಕಡಲಹಕ್ಕಿಗಳು ಒಮ್ಮೊಮ್ಮೆ ಘಟ್ಟ ದಾಟಿ ಒಳನಾಡಿನ ಹೊಲಗಳಲ್ಲಿ ಬಳಲಿ ಬೀಳುತ್ತವೆ. ಅಂತಹ ಹಕ್ಕಿ ಕಂಡರೆ ಕಲ್ಲೆಸೆಯದೆ, ಬಾಯಿಗೆ ನೀರು ಹನಿಸಲು ಹೋಗದೆ, ರಂಧ್ರ ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿರಿಸಿ ಅರಣ್ಯ ಇಲಾಖೆಯವರಿಗೆ ತಿಳಿಸುವುದು ವಿದ್ಯಾರ್ಥಿಗಳ ಕರ್ತವ್ಯ.

ಉಪಸಂಹಾರ

ತುಲನೆಯೆಂದರೆ ಎರಡರಲ್ಲಿ ಶ್ರೇಷ್ಠ ಯಾವುದೆಂದು ತೀರ್ಮಾನಿಸುವುದಲ್ಲ. ಕಣ್ಣಿಗೆ ಮೊದಲು ಬೀಳುವ ಹೋಲಿಕೆಯನ್ನು ಪರೀಕ್ಷಿಸಿ, ಅದರಾಚೆಗಿರುವ ನಿಜವಾದ ಹೋಲಿಕೆಯನ್ನು ಕಂಡುಕೊಳ್ಳುವುದು. ತೊರಕೆ ಮತ್ತು ರೀವಗಳಲ್ಲಿ ರೆಕ್ಕೆಯ ಹೋಲಿಕೆ ಕೆಲಸದಿಂದ ಬಂದದ್ದು. ಅಳಿವು ಉಳಿವುಗಳನ್ನು ನಿರ್ಣಯಿಸುವ ಹೋಲಿಕೆ ಅವುಗಳ ಕೆಲವೇ ಮರಿಗಳಲ್ಲಿದೆ. ಮಕ್ಕಳ ಸಂಖ್ಯೆ ಕಡಿಮೆಯಿದ್ದಲ್ಲಿ ಒಂದೊಂದು ಮಗುವಿನ ಮೇಲಿನ ಹೊಣೆ ಹೆಚ್ಚು. ಗಡಿನಾಡಿನಲ್ಲಿ ಐವತ್ತು ವರ್ಷ ಕನ್ನಡವನ್ನು ಕಲಿಸಿದ ಶಾಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ವಿದ್ಯಾರ್ಥಿಗಳು ಒಮ್ಮೆ ಘಟ್ಟವನ್ನಿಳಿದು ವೆಂಗುರ್ಲಾ ಬಂದರಿಗೆ ಹೋಗಿ, ದೋಣಿಗಳು ಬಂದಿಳಿಯುವಾಗ ಬಲೆಯಲ್ಲಿ ಬಂದುದನ್ನೆಲ್ಲ ಕನ್ನಡ, ಮರಾಠಿ ಎರಡೂ ಹೆಸರುಗಳಿಂದ ಬರೆದುಕೊಳ್ಳಲಿ. ಆ ವಹಿಯೇ ಮುಂದಿನ ಸ್ಮರಣ ಸಂಚಿಕೆಗೆ ಒಂದು ಉತ್ತಮ ಲೇಖನವಾದೀತು. ಶಾಲೆಗೆ ಶುಭವಾಗಲಿ.